ಹಿಡಿದರೆ ಬಿಡದ ಬ್ರೇಕು

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರಿಗೆ ಹಳೆಯ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿತು. ತಾಂಡ್ಯದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದವರು, ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡುವ ಮನುಷ್ಯ, ಈ ಕಾರನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಕೊಂಡರು. ಮಾರಿದವರು ತಿ. ನರಸೀಪುರದ ಒಬ್ಬ ಅಕ್ಕಿ ಗಿರಣಿಯವರು. ಬ್ರೇಕ್ ಹೇಗಿದೆ ಎಂದು ಕೇಳಿದ್ದಕ್ಕೆ, "ಸಂದಾಗ್ ಇಡೀತದೆ ಕಣಪ್ಪ. ಇಡುದ್ರೆ ಬುಡದೇ ಇಲ್ಲ" ಎಂದಿದ್ದರಂತೆ.

ಪುಣ್ಯಾತ್ಮರು ಸುಳ್ಳು ಹೇಳಿರಲಿಲ್ಲ. ಕಾರು ನಂಜನಗೂಡಿನ ನಮ್ಮ ಮನೆ ಸೇರುವಷ್ಟರಲ್ಲಿ ಮುಂದಿನ ಎಡಚಕ್ರ ಹೊಗೆಯಾಡುತ್ತಿತ್ತು. ಒಮ್ಮೆ ಹಿಡಿದ ಬ್ರೇಕು ಆಮೇಲೆ ಬಿಟ್ಟೇ ಇರಲಿಲ್ಲ. ನಮ್ಮವರು ಆ ಮಾತನ್ನು ಹೊಗಳಿಕೆ ಎಂದು ತಿಳಿದಿದ್ದರು. ನಾನು ಅಡುಗೆಮನೆಗೆ ಓಡಿಹೋಗಿ ನಕ್ಕೆ.

ನನಗೂ ಒಂದು ಹಟವಿತ್ತು. ಕಾರು ಕಲಿತು ಲೈಸೆನ್ಸ್ ಪಡೆದಿದ್ದೆ, ಆದರೆ ಸ್ಟೇರಿಂಗ್ ಕೇಳಿದಾಗಲೆಲ್ಲ ಇವರು 'ನೋಡೋಣ' ಎನ್ನುತ್ತಿದ್ದರು. ಸೋಮನಾಥಪುರದ ನನ್ನ ತವರಿಗೆ ನಾನೇ ಓಡಿಸಿಕೊಂಡು ಹೋಗಿ ಅಪ್ಪನ ಬಾಗಿಲಲ್ಲಿ ಕಾರು ನಿಲ್ಲಿಸಬೇಕಿತ್ತು. ಬ್ರೇಕು ನಾನು ಸರಿಮಾಡಿದರೆ ಮೊದಲ ಸವಾರಿ ನನ್ನದು ಎಂದೆ. ಹೆಂಗಸು ಚಕ್ರ ಬಿಚ್ಚುತ್ತಾಳೆಯೇ ಎಂಬ ಧೈರ್ಯದ ಮೇಲೆ ಒಪ್ಪಿಬಿಟ್ಟರು. ಅಪ್ಪನ ಟ್ರ್ಯಾಕ್ಟರ್ ಬಿಚ್ಚುವಾಗ ಸ್ಪ್ಯಾನರ್ ಎತ್ತಿಕೊಡುತ್ತ ಬೆಳೆದವಳು ನಾನು ಎಂಬುದು ಅವರಿಗೆ ಮರೆತೇ ಹೋಗಿತ್ತು.

ಭಾನುವಾರ ಸೆರಗು ಸಿಕ್ಕಿಸಿ ಕೂತೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವುದು ಕ್ಯಾಲಿಪರ್. ಅದರೊಳಗಿನ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿತ್ತು, ಪ್ಯಾಡು ಸವೆದು ಹಪ್ಪಳವಾಗಿತ್ತು. ಪಿಸ್ಟನ್ ಹೊರಗೆ ತೆಗೆಯಲು ಕ್ಯಾಲಿಪರನ್ನು ಪಂಚರ್ ಅಂಗಡಿಗೆ ಒಯ್ದು ಗಾಳಿ ಬಿಡಿಸಿದೆವು. ದೂರ ನಿಲ್ಲಿ ಎಂದರೂ ಕೇಳದೆ ನಮ್ಮವರು ಬಗ್ಗಿ ನೋಡುತ್ತಿದ್ದರು. ಪಿಸ್ಟನ್ ಢಬ್ಬೆಂದು ಹಾರಿ, ನಾನು ಅಡ್ಡ ಇಟ್ಟಿದ್ದ ಹಲಗೆಗೆ ಬಡಿಯಿತು. ಒಳಗಿದ್ದ ಹಳೆಯ ಬ್ರೇಕ್ ಆಯಿಲ್ ಅಷ್ಟೂ ಅವರ ಬಿಳಿ ಷರಟಿನ ಪಾಲಾಯಿತು. ನನಗೆ ಬಹಳ ಸಂತೋಷವಾಯಿತು.

ಪಿಸ್ಟನ್ನನ್ನು ಮನೆಗೆ ತಂದು ಹಿತ್ತಲ ಕಲ್ಲಿನ ಮೇಲಿಟ್ಟು ನಾನು ಕೈ ತೊಳೆಯಲು ಹೋದೆ. ಒಂದು ಬದಿ ಮುಚ್ಚಿ ಒಂದು ಬದಿ ತೆರೆದಿದ್ದ ಅದನ್ನು ನಮ್ಮತ್ತೆ ಯಾವುದೋ ಹಳೇ ಲೋಟ ಎಂದುಕೊಂಡರು. ನಮ್ಮ ಮನೆಯಲ್ಲಿ ಬೆಳ್ಳಿ ಸಾಮಾನು ಬೆಳಗುವುದು ವಿಭೂತಿಯಿಂದ. ನಾನು ತಿರುಗಿ ಬರುವಷ್ಟರಲ್ಲಿ ಅತ್ತೆ ವಿಭೂತಿ ಪುಡಿಮಾಡಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ, ಮುಖ ಕಾಣುವಂತೆ ಬೆಳಗಿಟ್ಟಿದ್ದರು. ಉಗುರಾಡಿಸಿ ನೋಡಿದೆ, ಎಲ್ಲೂ ತುಕ್ಕಿನ ಗುಳಿ ಬಿದ್ದಿರಲಿಲ್ಲ. ಇದರಲ್ಲಿ ಕಾಫಿ ಕುಡಿಯುವಂತಿಲ್ಲ ಎಂದು ನಾನು ಬಿಡಿಸಿ ಹೇಳಿದ ಮೇಲೂ ಅವರಿಗೆ ಬೇಸರವಾಗಲಿಲ್ಲ. ಬಲಚಕ್ರದ್ದನ್ನೂ ಬಿಚ್ಚಿಕೊಡು ಎಂದರು.

ಹೊಸ ರಬ್ಬರ್ ಸೀಲು, ಹೊಸ ಪ್ಯಾಡು ಬಂದವು. ಎಲ್ಲ ಜೋಡಿಸಿ, ಪೈಪಿನೊಳಗಿನ ಗಾಳಿ ತೆಗೆಯುವಾಗ ಪೆಡಲ್ ಒತ್ತಲು ಅತ್ತೆಯನ್ನೇ ಕೂರಿಸಿದೆ. ನಾನು ಒತ್ತಿ ಎಂದರೆ ಒತ್ತುತ್ತಿದ್ದರು, ಬಿಡಿ ಎಂದ ಮೇಲೇ ಬಿಡುತ್ತಿದ್ದರು. ಬೀದಿಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಓಡಿಸಿ ನೋಡಿದೆ. ಕಾರು ನೆಟ್ಟಗೆ ನಿಂತಿತು, ಚಕ್ರ ಬಿಸಿಯಾಗಲಿಲ್ಲ.

ತವರಿಗೆ ಹೊರಡುವ ದಿನ ಬಂದಾಗ ನಮ್ಮವರು ಕೀ ಜೇಬಿಗಿಳಿಸಿದರು. ದಾರಿಯಲ್ಲಿ ಲಾರಿ ಜಾಸ್ತಿ, ನಾನೇ ಓಡಿಸುತ್ತೇನೆ, ನೀನು ಪಕ್ಕದಲ್ಲಿ ಆರಾಮಾಗಿ ಕೂತುಕೋ ಎಂದರು. ನನಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು. ಕಣ್ಣೊರೆಸಿಕೊಂಡು ಕಾರಿನ ಬಾಗಿಲ ಹತ್ತಿರ ಹೋದೆ. ನೋಡಿದರೆ ಎಡಗಡೆ ಅತ್ತೆ ಆಗಲೇ ಕೂತಿದ್ದಾರೆ, ಮಡಿಲಲ್ಲಿ ಬ್ಯಾಗು, ಹಣೆ ತುಂಬ ವಿಭೂತಿ. ಆ ಕಾರಿಗೆ ಇದ್ದದ್ದು ಎರಡೇ ಸೀಟು.

"ಕೀ ಅವಳ್ಗ ಕೊಡು ಕಣ್ಲಾ. ನೀ ಬಸ್ಸಲ್ ಬಾ," ಎಂದರು ಮಗನಿಗೆ.

ದಾರಿಯುದ್ದಕ್ಕೂ ಅತ್ತೆ ಮಡಿಲ ಬ್ಯಾಗು ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಎಮ್ಮೆಯೊಂದು ಅಡ್ಡ ಬಂದಾಗ ನನಗಿಂತ ಮೊದಲು ಅವರೇ ಬಲಗಾಲು ಒತ್ತಿದರು. ನಾನೂ ಒತ್ತಿದೆ. ಎಮ್ಮೆ ನಮ್ಮನ್ನು ನೋಡಿಕೊಂಡೇ ದಾಟಿತು.

ಅಪ್ಪ ಜಗಲಿಯಲ್ಲಿ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು, ಅಳಿಯ ಬಂದಾಗ ಕಾಲಿಗೆ ಕೊಡುವ ನೀರು. ಕಾರಿನ ಬಲಗಡೆಯಿಂದ ಇಳಿದ ನನ್ನನ್ನು ನೋಡಿ, ಎಡಗಡೆಯಿಂದ ಇಳಿದ ಬೀಗಿತ್ತಿಯನ್ನು ನೋಡಿ, ಅಳಿಯಂದಿರೆಲ್ಲಿ ಎಂದು ಕೇಳಿದರು.

"ಬಸ್ಸಲ್ ಬತ್ತಾವ್ನೆ ಬೀಗ್ರೇ. ಇವಳ್ಗ ಕೊಡಿ ನೀರ. ಗಾಡಿ ಓಡಿಸ್ಕ ಬಂದವ್ಳೆ," ಎಂದರು ಅತ್ತೆ.

ಅಪ್ಪ ಮೆಟ್ಟಿಲಿಳಿದು ಬಂದು ಚೊಂಬನ್ನು ನನ್ನ ಕೈಗೆ ಕೊಟ್ಟರು.