ಎಳೆ ಜೋಡಿಸುವ ತನಕ

ಅವರ ತಲೆಯ ಮೇಲೆ ಬಿಳಿ ಟೋಪಿ ಇತ್ತೆಂದು ನನ್ನ ನೆನಪು. ಇರಲಿಲ್ಲವೆಂದು ಅಕ್ಕನ ವಾದ. ಎರಡು ಸಲ ಗೆದ್ದಿದ್ದ ಶಾಸಕರು ಮೂರನೆಯ ಚುನಾವಣೆಗೆ ಮತ ಕೇಳಲು ಇಳಕಲ್ಲಿನ ನಮ್ಮ ಮನೆಗೆ ಬಂದದ್ದಂತೂ ನಿಜ. ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತಿದ್ದ ಅವ್ವ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು.

"ಸಾಹೇಬ್ರು ಬಂದಾರ, ಏಳಬೇ!" ಎಂದ ಒಬ್ಬ ಹಿಂಬಾಲಕ.

"ಸುಮ್ನಿರಲೇ, ಎಳಿ ತಪ್ಪತಾವ," ಎಂದು ಶಾಸಕರು ಕೈಮುಗಿದು ನಿಂತೇ ಇದ್ದರು.

ಕೊನೆಯ ಎಳೆ ಕೂಡಿಸಿದ ಮೇಲೆ ಅವ್ವ ತಲೆ ಎತ್ತಿದಳು. "ಎರಡು ಸಲ ಗೆದ್ರೂ ನಮ್ಮ ಓಣಿಗೆ ನೀರಿನ ನಳ ಬರಲಿಲ್ಲ. ನನ್ನ ಓಟು ನಿಮಗಿಲ್ರಿ."

"ಖರೆ ಐತಿ, ಯವ್ವಾ." ಯಾರು ಬೈದರೂ ಅವರ ಉತ್ತರ ಅದೊಂದೇ.

ಸೋತರು. ಮರುದಿನವೇ ಒಬ್ಬರೇ ಬಂದು ಮಗ್ಗದ ಪಕ್ಕ ಕುಳಿತರು. "ನಳದ ಅರ್ಜಿ ಕೊಡು. ಆಫೀಸಿಗೆ ಅಡ್ಡಾಡಾಕ ಈಗ ನನಗ ಪುರಸೊತ್ತು ಭಾಳ."

"ನಾ ನಿಮಗ ಓಟು ಹಾಕಿಲ್ರಿ."

"ಖರೆ ಐತಿ, ಯವ್ವಾ. ಅರ್ಜಿ ಕೊಡು."