ಸಸ್ಯಾಹಾರಿ ಕಣ್ಣು

ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಎಂಜಿನಿಯರ್. ಕನ್ನಡದವರು ಸೇರಿದಲ್ಲಿ ಯಾರಾದರೂ ಅಂಗದಾನಕ್ಕೆ ಹೆಸರು ಬರೆಸಿದೆ ಎಂದರೆ ಸಾಕು, ಚಟ್ನಿಪುಡಿ ಮೆತ್ತಿದ ಬೆರಳೆತ್ತಿ, "ಕಣ್ಣು ಕೊಟ್ರೆ ಮುಂದಿನ ಜನ್ಮಕ್ಕೆ ಕುರುಡು ಕಣ್ರೀ" ಎನ್ನುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವರ ಕಾರು ಮಂಜುಗಡ್ಡೆಯ ಮೇಲೆ ಜಾರಿ ಮರಕ್ಕೆ ಬಡಿಯಿತು. ಜೊತೆಗಿದ್ದ ನನಗೆ ಗಾಜು ಒಡೆದ ಆ ಸದ್ದು ಈಗಲೂ ಕೇಳುತ್ತದೆ. ಒಂದು ಚೂರು ಅವರ ಬಲಗಣ್ಣಿಗೆ ಹೊಕ್ಕಿತ್ತು.

ಗಾಯ ಮಾಯ್ದ ಮೇಲೆ ಡಾಕ್ಟರ್, ಸತ್ತವರು ದಾನ ಕೊಟ್ಟ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಹಾಕಿದರೆ ಮಾತ್ರ ಆ ಕಣ್ಣು ಕಾಣುತ್ತದೆ ಎಂದರು. ತಾವೇ ಕೇಳಲು ನಾಚಿಕೊಂಡ ಎಂಜಿನಿಯರ್ ನನ್ನ ಕೈ ಹಿಡಿದು ಪಿಸುಗುಟ್ಟಿದರು: "ನೀನೇ ಕೇಳಮ್ಮ, ಕೊಟ್ಟೋರು ವೆಜಿಟೇರಿಯನ್ನಾ?"

ಕೇಳಿದೆ. ದಾನಿಯ ವಿವರ ಹೇಳುವಂತಿಲ್ಲ ಎಂದರು ಡಾಕ್ಟರ್.

"ಹೇಳಲ್ಲ ಅಂದ್ರೆ ವೆಜಿಟೇರಿಯನ್ನೇ ಇರ್ಬೇಕು." ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. "ಹಾಕ್ಲಿ ಅಂತ ಹೇಳಮ್ಮ. ಬೇಗ ಹಾಕ್ಲಿ."