ಕಾಪಿಯಲ್ಲಿ ಇದ್ದ ಹಾಗೆ

ಮೇಜಿನ ಕೆಳಗಿನ ಖಾನೆಯನ್ನು ಖಾಲಿ ಮಾಡುತ್ತಿದ್ದಾಗ ಬ್ಲಾಟಿಂಗ್ ಪೇಪರಿನಲ್ಲಿ ಸುತ್ತಿಟ್ಟ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಆದರೆ ಕೈಗೆ ತುಂಬ ಭಾರ. ಬಿಚ್ಚಿದೆ. ಸೀಮೆಎಣ್ಣೆಯ ವಾಸನೆ ಬಂತು. ಇಷ್ಟು ವರ್ಷಗಳ ನಂತರ ವಾಸನೆ ಉಳಿದಿರಲು ಸಾಧ್ಯವೇ, ಅಥವಾ ಅದು ನನ್ನ ಮೂಗಿನ ನೆನಪೇ ಎಂದು ಹೇಳಲಾರೆ. ಒಳಗಿದ್ದದ್ದು ಎರಡು ಸಾಲು ಅಚ್ಚಿನ ಮೊಳೆಗಳು, ಒಂದೊಂದೂ ಸೀಸದ ಅಕ್ಷರ. ಸುತ್ತಲೂ ಬಿಗಿಯಾಗಿ ದಾರ ಕಟ್ಟಿತ್ತು.

ದಾರ ಕಟ್ಟಿದವರು ನಮ್ಮ ಫೋರ್‌ಮನ್.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಫೋರ್ಟಿನ ಒಂದು ಗಲ್ಲಿಯಲ್ಲಿದ್ದ ಕನ್ನಡ ವಾರಪತ್ರಿಕೆಯಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ಕೆಳಗೆ ಅಚ್ಚುಕೂಟ, ಅದರ ಮೇಲೆ ಮರದ ಅಟ್ಟದಲ್ಲಿ ಸಂಪಾದಕೀಯ ವಿಭಾಗ. ವಿಭಾಗ ಎಂದರೆ ಮೂರು ಕುರ್ಚಿ. ಪ್ರೂಫ್ ಓಡಾಡುತ್ತಿದ್ದದ್ದು ಹಗ್ಗಕ್ಕೆ ಕಟ್ಟಿದ ಒಂದು ಬಿದಿರು ಬುಟ್ಟಿಯಲ್ಲಿ. ಫೋರ್‌ಮನ್ ಕೆಳಗಿನಿಂದ ಹಗ್ಗ ಜಗ್ಗಿದರೆ ಮೇಲೆ ಒಂದು ಗಂಟೆ ಅಲ್ಲಾಡುತ್ತಿತ್ತು. ನಾನು ಬುಟ್ಟಿ ಎಳೆದುಕೊಂಡು, ಕೆಂಪು ಮಸಿಯಲ್ಲಿ ತಿದ್ದಿ ಮತ್ತೆ ಇಳಿಬಿಡುತ್ತಿದ್ದೆ. ಆ ಕೆಂಪು ಮಸಿಯ ದೆಸೆಯಿಂದ ಅವರು ನನಗೆ 'ಟೀಚರಮ್ಮ' ಎಂದು ಹೆಸರಿಟ್ಟರು. ಅವರಿಗೆ ಆಗ ಐವತ್ತರ ಹತ್ತಿರ, ನನಗೆ ಇಪ್ಪತ್ಮೂರು.

ಅವರು ದಕ್ಷಿಣ ಕನ್ನಡದ ಕಡೆಯವರು, ಪ್ರೊಟೆಸ್ಟೆಂಟ್ ಕ್ರೈಸ್ತರು. ಊರಿನಲ್ಲಿ ಮಿಷನ್ನಿನವರ ಅಚ್ಚುಕೂಟದಲ್ಲಿ ಕೆಲಸ ಕಲಿತು ಮುಂಬಯಿಗೆ ಬಂದಿದ್ದರು. ಅವರಿಗೆ ಎರಡು ನಿಯಮಗಳಿದ್ದವು. ಒಂದು, ಕಾಪಿಯಲ್ಲಿ, ಅಂದರೆ ಬರೆದವರ ಕೈಬರಹದಲ್ಲಿ, ಇದ್ದ ಹಾಗೆ ಜೋಡಿಸಬೇಕು. ಲೇಖಕ ತಪ್ಪು ಬರೆದಿದ್ದರೆ ಅದನ್ನು ತಿದ್ದುವುದು ಪ್ರೂಫ್ ನೋಡುವವರ ಕೆಲಸ, ಮೊಳೆ ಜೋಡಿಸುವವರದಲ್ಲ. ಎರಡು, ಪತ್ರಿಕೆ ಅಚ್ಚಾದ ದಿನವೇ ಮೊಳೆಗಳನ್ನೆಲ್ಲ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಮರದ ಕೇಸಿನಲ್ಲಿ ಅವುಗಳ ಮನೆಗೆ ಹಾಕಬೇಕು. ನಮ್ಮಲ್ಲಿ ಒತ್ತಕ್ಷರಗಳಿಗೆ ಸದಾ ಬರ. ಯಾರಾದರೂ ಒಂದು ಹಳೆಯ ಜಾಹೀರಾತನ್ನು ಬಿಡಿಸದೆ ಬಿಟ್ಟಿದ್ದರೆ ಅವರು ಬೊಬ್ಬೆ ಹೊಡೆಯುತ್ತಿದ್ದರು. "ಎಂತ ಮಾರಾಯ್ರೇ, ರ-ಒತ್ತು ಎಲ್ಲ ನಿಮ್ಮ ಸೀರೆ ಅಂಗಡಿಯೊಳಗೆ ಕೂತಿದ್ರೆ ನಾಳೆ ಪ್ರಧಾನಿಯ ಸುದ್ದಿಯನ್ನು ನಾನು ಎಲ್ಲಿಂದ ಹಾಕ್ಲಿ? 'ಪಧಾನಿ' ಅಂತ ಹಾಕ್ಲಾ?"

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನೊಂದು ಎಡವಟ್ಟು ಮಾಡಿಕೊಂಡೆ. ಮಧ್ಯಾಹ್ನ ಎಲ್ಲರೂ ಕೆಳಗೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಫೋರ್‌ಮನ್ ನನ್ನ ಡಬ್ಬಿಯ ಚಿತ್ರಾನ್ನ ನೋಡಿ, "ಸ್ತೋತ್ರ ಹೇಳಿದಿರಾ, ಟೀಚರಮ್ಮ?" ಎಂದು ಕೇಳಿದರು. ನಾನು ತುಮಕೂರಿನ ಕಡೆಯ ಮನೆಯವಳು. ನಮ್ಮಲ್ಲಿ ಸ್ತೋತ್ರ ಎಂದರೆ ದೀಪ ಹಚ್ಚಿದ ಮೇಲೆ ಮಕ್ಕಳಿಂದ ಹೇಳಿಸುವಂಥದ್ದು. ಹೊಸ ಜಾಗ, ಹಿರಿಯರು ಕೇಳುತ್ತಿದ್ದಾರೆ, ಇಲ್ಲಿನ ಪದ್ಧತಿ ಹೀಗಿರಬಹುದು ಎಂದುಕೊಂಡು, ಬಾಯಿಪಾಠವಿದ್ದ ದೇವೀಸ್ತೋತ್ರವೊಂದನ್ನು ಕಣ್ಣುಮುಚ್ಚಿ ಹೇಳಿಬಿಟ್ಟೆ. ಕಣ್ಣು ತೆರೆದಾಗ ಇಡೀ ಅಚ್ಚುಕೂಟ ತುತ್ತು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಫೋರ್‌ಮನ್ ಮಾತ್ರ ಕೈಮುಗಿದು, ಕಡೆಯವರೆಗೂ ಕೇಳಿಸಿಕೊಂಡು, "ಚಂದ ಉಂಟು" ಎಂದರು. ಆಮೇಲೆ ಮೆಲ್ಲಗೆ, "ನಾನು ಕೇಳಿದ್ದು ಅದಲ್ಲ. ಥ್ಯಾಂಕ್ಸ್ ಹೇಳಿದಿರಾ ಅಂತ. ನಮ್ಮಲ್ಲಿ ಅದಕ್ಕೆ ಸ್ತೋತ್ರ ಅಂತ ಹೇಳುದು. ಬೆಳಿಗ್ಗೆ ಎದ್ದು ಚಿತ್ರಾನ್ನ ಕಲಸಿದವರು ಯಾರಾದ್ರೂ ಇರ್ತಾರಲ್ಲ, ಅವರಿಗೆ?"

ಕಲಸಿದವರು ನನ್ನ ಅತ್ತೆ. ಹೇಳಿರಲಿಲ್ಲ.

ಅವರು ದಿನಕ್ಕೆ ಹತ್ತಾರು ಸಲ ಆ ಮಾತು ಹೇಳುತ್ತಿದ್ದರು. ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ ಸ್ತೋತ್ರ, ಚಹಾ ಬಿಸಿ ಇದ್ದರೆ ಸ್ತೋತ್ರ, ಸಂಪಾದಕೀಯ ಸಮಯಕ್ಕೆ ಸರಿಯಾಗಿ ಬಂದರೆ "ದೊಡ್ಡ ಸ್ತೋತ್ರ". ನಾವು ಅಣಕಿಸುತ್ತಿದ್ದೆವು, ಅವರೂ ನಗುತ್ತಿದ್ದರು. ಅದೊಂದು ಅಭ್ಯಾಸದ ಮಾತು ಎಂದೇ ನಾನು ಬಹಳ ಕಾಲ ತಿಳಿದಿದ್ದೆ...

ಅವರ ಹೆಂಡತಿ ವಿಲೆ ಪಾರ್ಲೆಯಲ್ಲಿ ಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಭಾನುವಾರದ ಕನ್ನಡ ಆರಾಧನೆಯಲ್ಲಿ ಗೀತೆಗಳನ್ನು ಎತ್ತಿಕೊಡುತ್ತಿದ್ದವರು ಅವರೇ. ಒಂದು ಕ್ರಿಸ್‌ಮಸ್ಸಿಗೆ ನಾನು ಹೋಗಿ ಕೇಳಿದ್ದೇನೆ. ಸಂಗೀತದ ವಿಷಯದಲ್ಲಿ ತೀರ್ಪು ಕೊಡುವಷ್ಟು ನಾನು ತಿಳಿದವಳಲ್ಲ. ಅವರು ಶುರು ಮಾಡಿದಾಗ ಹಿಂದಿನ ಸಾಲಿನಲ್ಲಿ ಅಳುತ್ತಿದ್ದ ಕೂಸೊಂದು ಸುಮ್ಮನಾಯಿತು ಎಂಬುದನ್ನಷ್ಟೇ ವರದಿ ಮಾಡಬಲ್ಲೆ. ಫೋರ್‌ಮನ್ ಗಂಡಸರ ಸಾಲಿನಲ್ಲಿ ನಿಂತು ಬಾಯಿ ಮಾತ್ರ ಆಡಿಸುತ್ತಿದ್ದರು. ಅವರಿಗೆ ರಾಗ ಹಿಡಿಯಲು ಬರುತ್ತಿರಲಿಲ್ಲ.

ಮರುವರ್ಷ ಆಕೆಯ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಪರೇಲ್‌ನ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಪರೀಕ್ಷೆ ಮಾಡಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೂ ಜೀವ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ, ತೆಗೆಯದಿದ್ದರೆ ಉಳಿಯುವುದಿಲ್ಲ ಎಂದರು. ಆಪರೇಷನ್‌ವರೆಗೂ ಮಾತಾಡಬಾರದೆಂದು ತಾಕೀತು. ಫೋರ್‌ಮನ್ ನಮ್ಮ ತಿರಸ್ಕೃತ ಪ್ರೂಫ್ ಹಾಳೆಗಳನ್ನು ಜೋಡಿಸಿ, ದಾರ ಪೋಣಿಸಿ ಪುಸ್ತಕ ಮಾಡಿಕೊಟ್ಟರು. ಮುಂಬದಿಯಲ್ಲಿ ನನ್ನ ಕೆಂಪು ತಿದ್ದುಗಳು, ಹಿಂಬದಿಯಲ್ಲಿ ಆಕೆಯ ಪೆನ್ಸಿಲ್ ಮಾತುಗಳು. ಫೋರ್‌ಮನ್ ಬೆಳಿಗ್ಗೆ ವಿಲೆ ಪಾರ್ಲೆಯಿಂದ ಹೊರಟು ಎಲ್ಫಿನ್‌ಸ್ಟನ್ ರೋಡಿನಲ್ಲಿ ಇಳಿದು, ಸೇತುವೆ ದಾಟಿ ಆಸ್ಪತ್ರೆಗೆ ಹೋಗಿ, ಮತ್ತೆ ಲೋಕಲ್ ಹಿಡಿದು ಕೆಲಸಕ್ಕೆ ಬರುತ್ತಿದ್ದರು. ಒಂದು ದಿನವೂ ತಡವಾಗಲಿಲ್ಲ.

ಆಪರೇಷನ್ ಮಂಗಳವಾರವೆಂದು ಗೊತ್ತಾಗಿತ್ತು. ಅದರ ಹಿಂದಿನ ಗುರುವಾರ ಬುಟ್ಟಿಯಲ್ಲಿ ಕಡೆಯ ಪುಟದ ಪ್ರೂಫ್ ಬಂತು. ವರ ಬೇಕಾಗಿದೆ, ಕೋಣೆ ಬಾಡಿಗೆಗಿದೆ ಇವುಗಳ ನಡುವೆ ಎರಡು ಸಾಲಿನ ಒಂದು ಹೊಸ ಪ್ರಕಟಣೆ:

ಸ್ತೋತ್ರ. ದೇವರು ನಮ್ಮ ಮನೆಗೆ
ಮಾಡಿದ ಉಪಕಾರಗಳಿಗಾಗಿ.

ಯಾರದೆಂದು ಕೇಳಬೇಕಾಗಿರಲಿಲ್ಲ. ಹರಕೆ ತೀರಿದ ಮೇಲೆ ಇಂಥ ಕೃತಜ್ಞತೆಯ ಪ್ರಕಟಣೆಗಳನ್ನು ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಂಡಿದ್ದೆ. ಆದರೆ ಇಲ್ಲಿ ಇನ್ನೂ ಏನೂ ಆಗಿರಲಿಲ್ಲ. ಆಗಿದ್ದದ್ದು ಕೇಡು ಮಾತ್ರ. ಆಗದೆ ಇರುವುದನ್ನು ಆಯಿತು ಎಂದು ಅಚ್ಚು ಹಾಕಬಾರದೆಂಬುದು ನನಗೆ ಮೊದಲ ದಿನವೇ ಕಲಿಸಿದ್ದ ಪಾಠ. ಜೊತೆಗೆ, ದುಃಖದಲ್ಲಿ ಅವರ ಕೈತಪ್ಪಿದೆ ಎಂದೂ ಅನಿಸಿತು. 'ಮಾಡಿದ' ಎಂಬುದನ್ನು ಹೊಡೆದು ಅಂಚಿನಲ್ಲಿ 'ಮಾಡುವ' ಎಂದು ಬರೆದು ಬುಟ್ಟಿ ಇಳಿಬಿಟ್ಟೆ. ಒಂದು ಉಪಕಾರ ಮಾಡಿದೆ ಎಂದೇ ನನ್ನ ಭಾವನೆ.

ಎರಡನೆಯ ಪ್ರೂಫ್ ಬಂತು. ಬೇರೆ ಎಲ್ಲ ತಿದ್ದುಗಳೂ ಆಗಿದ್ದವು. 'ಮಾಡಿದ' ಹಾಗೆಯೇ ಇತ್ತು.

ಅದುವರೆಗೆ ನನ್ನ ಒಂದು ಅಲ್ಪವಿರಾಮವನ್ನೂ ಅವರು ಬಿಟ್ಟಿರಲಿಲ್ಲ. ಮತ್ತೆ ಹೊಡೆದು ಮತ್ತೆ ಬರೆದೆ. ಈ ಸಲ ಗಂಟೆ ಅಲ್ಲಾಡಲಿಲ್ಲ. ಮರದ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಫೋರ್‌ಮನ್ ಅಟ್ಟಕ್ಕೆ ಬಂದವರೇ ಅಲ್ಲ, ಮಂಡಿನೋವು. ಕಡೆಯ ಮೆಟ್ಟಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡರು.

"ಟೀಚರಮ್ಮ, ಇದು ಅಚ್ಚುತಪ್ಪಲ್ಲ."

"ಆಪರೇಷನ್ನೇ ಇನ್ನೂ ಆಗಿಲ್ವಲ್ಲ ಫೋರ್‌ಮನ್‌ರೇ. ಮಾಡುವ ಅಂತಿದ್ರೆ ಸರಿಹೋಗುತ್ತೆ ಅಂತ..."

"ಮಾಡುವ ಅಂತ ಹಾಕಿದ್ರೆ ಅದು ಅರ್ಜಿ ಆಗ್ತದೆ." ಅವರು ನನ್ನ ಮೇಜಿನ ಅಂಚು ಹಿಡಿದುಕೊಂಡರು. "ಅರ್ಜಿ ಬೇರೆ ಹಾಕಿದ್ದೇವೆ, ದಿನಾ ಹಾಕ್ತೇವೆ. ಇದು ಅದಲ್ಲ. ಇಪ್ಪತ್ತಾರು ವರ್ಷ ಅವಳು ಹಾಡಿದ್ದನ್ನು ನಾನು ಕೇಳಿದ್ದೇನೆ. ಅದು ಆಗಿ ಹೋಯ್ತಲ್ಲ? ಮಂಗಳವಾರ ಡಾಕ್ಟ್ರು ಎಂತ ತೆಗೆದ್ರೂ ಅದನ್ನು ತೆಗಿಲಿಕ್ಕಾಗುದಿಲ್ಲ."

ಅವರು ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಒಂದು ಬದಿಯಲ್ಲಿ ನನ್ನದೇ ಕೆಂಪು ಮಸಿ. ತಿರುಗಿಸಿದರೆ ದುಂಡಗಿನ ಪೆನ್ಸಿಲ್ ಅಕ್ಷರದಲ್ಲಿ ಅದೇ ಎರಡು ಸಾಲು. ಬರೆದವರು ಫೋರ್‌ಮನ್ ಅಲ್ಲ, ಆಕೆ.

"ಕಾಪಿ ಹೀಗುಂಟು," ಎಂದರು. "ನಾನು ಕಾಪಿಯಲ್ಲಿ ಇದ್ದ ಹಾಗೆ ಹಾಕಿದ್ದು."

ತಿದ್ದಿದ್ದು ತಪ್ಪಾದರೆ ಅದನ್ನು ಹಿಂತೆಗೆದುಕೊಳ್ಳಲು ಪ್ರೂಫ್ ನೋಡುವವರಿಗೆ ಒಂದು ಗುರುತು ಇದೆ. ಹೊಡೆದ ಪದದ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆಯಬೇಕು. ಹಾಗೆ ಬರೆದು ಹಾಳೆಯನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಓದಿ, ಚರ್ಚಿನಲ್ಲಿ ಪ್ರಾರ್ಥನೆ ಮುಗಿದಾಗ ಹೇಳುವಂತೆ, "ಆಮೆನ್" ಎಂದರು. ಆಮೇಲೆ ನಕ್ಕರು. "ನಿಮ್ಮ ಭಾಷೆಯಲ್ಲಿ ಅದಕ್ಕೆ 'ಇರಲಿ' ಅಂತ ಹೇಳುದು, ಅಲ್ವಾ?"

ಶನಿವಾರ ಪತ್ರಿಕೆಯ ಮೊದಲ ಪ್ರತಿಯನ್ನು ಹಿಡಿದು ಅವರೊಂದಿಗೆ ನಾನೂ ಪರೇಲ್‌ಗೆ ಹೋದೆ. ಆಕೆ ಸಾಲುಗಳ ಮೇಲೆ ಬೆರಳಾಡಿಸಿ ನೋಡಿ, ಪೆನ್ಸಿಲ್ ತೆಗೆದುಕೊಂಡು ನನಗಾಗಿ ಬರೆದರು: 'ತಪ್ಪು ಹುಡುಕಿದೆ. ಸಿಗಲಿಲ್ಲ.' ನಾನು ಎರಡು ಸಲ ಹೊಡೆದುಹಾಕಿದ್ದನ್ನು ಗಂಡ ಹೇಳಿದ್ದರೋ ಇಲ್ಲವೋ ತಿಳಿಯದು. ಕೇಳುವ ಧೈರ್ಯವಾಗಲಿಲ್ಲ.

ಜೀವ ಉಳಿಯಿತು. ಧ್ವನಿ ಹೋಯಿತು.

ಆ ನಂತರದ ಎರಡು ವರ್ಷಗಳಲ್ಲಿ ನಾನು ಹಲವು ಭಾನುವಾರ ಅವರ ಮನೆಗೆ ಹೋಗಿದ್ದೇನೆ. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಸುತ್ತಿಕೊಂಡು ಆಕೆ ಹೊಲಿಗೆಯಂತ್ರದ ಮುಂದೆ ಕೂತಿರುತ್ತಿದ್ದರು. ಪ್ರಾರ್ಥನೆಗೆ ಗೀತೆ ಬೇಕೇ ಬೇಕಲ್ಲ. ಈಗ ಹಾಡುವ ಸರದಿ ಫೋರ್‌ಮನ್ನರದು. ಆಕೆ ಬೆರಳಿನಿಂದ ಮೇಜು ತಟ್ಟಿ ತಾಳ ಹಾಕುತ್ತಿದ್ದರು, ಅವರು ಎಲ್ಲೆಲ್ಲೋ ಹೋಗುತ್ತಿದ್ದರು. ಒಮ್ಮೆ ಹಾಡು ಮುಗಿದ ಮೇಲೆ ಆಕೆ ಬರೆದು ತೋರಿಸಿದ್ದು ನೆನಪಿದೆ: 'ನನ್ನ ಸ್ವರ ಹೋದದ್ದಕ್ಕೆ ಅಷ್ಟು ಬೇಸರ ಇಲ್ಲ. ಇವರಿಗೆ ಬಂದದ್ದಕ್ಕೆ.'

"ನೋಡಿ, ಬಾಯಿ ಇಲ್ಲದೆಯೂ ಹೇಗೆ ಬೈತಾಳೆ," ಎಂದರು ಫೋರ್‌ಮನ್. "ಪಕ್ಕದ ಮನೆಯ ಮರಾಠಿಯವರು ಕಿಟಕಿ ಹಾಕಿದ್ದು ಗಾಳಿಗೆ, ಗೊತ್ತುಂಟಾ? ನನ್ನ ಹಾಡಿಗಲ್ಲ." ಆಕೆ ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು.

ಮೂರನೆಯ ವರ್ಷ ರೋಗ ಮರಳಿತು. ಈ ಸಲ ಡಾಕ್ಟರು ಏನನ್ನೂ ತೆಗೆಯುವ ಮಾತಾಡಲಿಲ್ಲ...

ಮಣ್ಣು ಮಾಡಿದ ನಾಲ್ಕನೆಯ ದಿನ ಫೋರ್‌ಮನ್ ಕೆಲಸಕ್ಕೆ ಬಂದರು. ಅಂದು ಅವರು ಜೋಡಿಸಿದ ಪುಟದಲ್ಲಿ ನಾನೆಂದೂ ಕಾಣದಷ್ಟು ತಪ್ಪುಗಳಿದ್ದವು. ತಲೆಕೆಳಗಾದ ಅಕ್ಷರಗಳು, ಬಿಟ್ಟುಹೋದ ಸಾಲು. ಅದೇ ಪುಟದ ಕೆಳಭಾಗದಲ್ಲಿ, ಒಂದೂ ತಪ್ಪಿಲ್ಲದೆ, ಆ ಎರಡು ಸಾಲು. ನಾನು ಕೆಳಗಿಳಿದು ಹೋದೆ.

"ನಿಧನವಾರ್ತೆ ಹಾಕ್ಬೇಕಲ್ವಾ ಫೋರ್‌ಮನ್‌ರೇ?"

"ಅದನ್ನು ನೀವು ಬರೀರಿ. ಸುದ್ದಿ ಬರೆಯುದು ನಿಮ್ಮ ಕೆಲಸ. ಇದು ಅವಳದ್ದು."

"ಮತ್ತೆ ಜೋಡಿಸಿದ್ರಾ?"

ಅವರು ಸ್ವಲ್ಪ ನಾಚಿದರು. "ಬಿಡಿಸಿರ್ಲೇ ಇಲ್ಲ." ಮೂರು ವರ್ಷ ಆ ಮೊಳೆಗಳನ್ನು ದಾರ ಕಟ್ಟಿ ಕೇಸಿನ ಹಿಂದೆ ಇಟ್ಟಿದ್ದರು. ಒಂದು ರ-ಒತ್ತಿಗಾಗಿ ಅಚ್ಚುಕೂಟವನ್ನೆಲ್ಲ ಎದ್ದು ನಿಲ್ಲಿಸುತ್ತಿದ್ದ ಮನುಷ್ಯ.

ಕೇಳಬಾರದಿತ್ತು, ಆದರೂ ಕೇಳಿದೆ. "ದೇವರ ಮೇಲೆ ಸಿಟ್ಟು ಬರಲಿಲ್ವಾ?"

ಅವರು ಮೊಳೆಗಳ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. "ಬಂತು. ಬರದೆ ಎಂತ? ಅದನ್ನೂ ಅವನ ಹತ್ತಿರವೇ ಹೇಳಿದ್ದು. ಬೇರೆ ಯಾರ ಹತ್ತಿರ ಹೇಳ್ಲಿ? ಹೇಳಿದ ಮೇಲೆ ಇದು ಮಾತ್ರ ಹಾಗೇ ಉಳಿಯಿತು. ಬದಲು ಮಾಡ್ಲಿಕ್ಕೆ ನೋಡಿದೆ ಟೀಚರಮ್ಮ. 'ಮಾಡಿದ' ಅಂತಲೇ ಆಗ್ತದೆ. ಮತ್ತೆ ಅವಳನ್ನು ನೋಡ್ಲಿಕ್ಕುಂಟು ಅಂತ ನನಗೆ ನಂಬಿಕೆ. ಅದು ಮುಂದಿನ ಸಂಚಿಕೆಗೆ."

ಅವರ ನಂಬಿಕೆ ನನ್ನದಲ್ಲ, ಇಂದಿಗೂ ಅಲ್ಲ. ಆದರೆ ಆ ದಿನ ಸಂಜೆ ಮನೆಗೆ ಹೋಗಿ, ಮದುವೆಯಾಗಿ ಆರು ವರ್ಷಗಳಲ್ಲಿ ಮೊದಲ ಸಲ, ಡಬ್ಬಿ ಚೆನ್ನಾಗಿತ್ತು ಎಂದು ಅತ್ತೆಗೆ ಹೇಳಿದೆ. ಅವರು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು.

ಎಪ್ಪತ್ತರ ದಶಕ ಮುಗಿಯುವ ಮುನ್ನ ಫೋರ್‌ಮನ್ ಕೆಲಸ ಬಿಟ್ಟು ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟರು. ಕಡೆಯ ದಿನ ಗಂಟೆ ಅಲ್ಲಾಡಿತು. ಬುಟ್ಟಿ ಎಳೆದರೆ ಎಂದಿಗಿಂತ ಭಾರ. ಒಳಗೆ ಬ್ಲಾಟಿಂಗ್ ಪೇಪರಿನ ಈ ಪೊಟ್ಟಣ. ಕೆಳಗಿನಿಂದ ಅವರ ಧ್ವನಿ ಬಂತು: "ಯಜಮಾನರನ್ನು ಕೇಳಿಯೇ ತೆಗೆದದ್ದು, ಟೀಚರಮ್ಮ. ಕದ್ದ ಮಾಲಲ್ಲ. ಬಿಡಿಸ್ಲಿಕ್ಕೆ ನನಗೆ ಕೈ ಬರುದಿಲ್ಲ, ನೀವು ಇಟ್ಟುಕೊಳ್ಳಿ." ನಾನು ಏನೋ ತಮಾಷೆ ಮಾಡಿದೆ. ಏನೆಂದು ನೆನಪಿಲ್ಲ. ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ ಎಂಬುದು ಮಾತ್ರ ನೆನಪಿದೆ. ನಾಲ್ಕು ವರ್ಷಗಳ ನಂತರ ತಂಗಿಯ ಕಡೆಯವರಿಂದ ಒಂದು ಕಾರ್ಡು ಬಂತು. ನಿಧನವಾರ್ತೆಯನ್ನು ನಾನೇ ಬರೆದೆ.

ಇವತ್ತು ಮೊಮ್ಮಗಳ ಸ್ಟ್ಯಾಂಪ್ ಪ್ಯಾಡಿಗೆ ಆ ಮೊಳೆಗಳನ್ನು ಒತ್ತಿ, ಬಿಳಿ ಹಾಳೆಯ ಮೇಲೆ ಅಚ್ಚು ತೆಗೆದೆ. ನೀಲಿ ಬಣ್ಣದಲ್ಲಿ ಎರಡು ಸಾಲೂ ಸ್ಪಷ್ಟವಾಗಿ ಮೂಡಿದವು. 'ಮಾಡಿದ' ಎಂಬಲ್ಲಿ ಕಣ್ಣು ತಾನಾಗಿ ನಿಂತಿತು. ಕೆಂಪು ಪೆನ್ನು ಹುಡುಕಿ, ಆ ಪದದ ಕೆಳಗೆ ಚುಕ್ಕಿಗಳನ್ನಿಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆದೆ. ಅದರ ಕೆಳಗೆ, ಇಷ್ಟು ತಡವಾಗಿ, 'ಸ್ತೋತ್ರ, ಫೋರ್‌ಮನ್‌ರೇ' ಎಂದೂ ಬರೆದೆ.

ಬರೆದು ಮುಗಿಸಿ, ಹಳೆಯ ಅಭ್ಯಾಸದಂತೆ ಹಾಳೆಯನ್ನು ಮಡಿಸಿದೆ. ಕೆಳಗೆ ಇಳಿಬಿಡಲು ಬುಟ್ಟಿಯಿಲ್ಲ.

ಹಾಳೆ ಕೈಯಲ್ಲೇ ಉಳಿಯಿತು.